ದಾರಿ ಕೇಳುವುದಕ್ಕೆ ಸುಂಕವೇ?

ಗೊತ್ತಿಲ್ಲದ ಊರಿನಲ್ಲಿ ಬಸ್ಸಿನಿಂದ ಇಳಿದವನು ಮೊದಲು ಮಾಡುವ ಕೆಲಸ ದಾರಿ ಕೇಳುವುದು. ಶಿರಹಟ್ಟಿಯಲ್ಲಿ ಇಳಿದು ಫಕೀರೇಶ್ವರ ಮಠಕ್ಕೆ ಹೋಗಬೇಕೆನ್ನುವವನಿಗೆ, ಲಕ್ಷ್ಮೇಶ್ವರದಲ್ಲಿ ಇಳಿದು ಸೋಮೇಶ್ವರ ದೇವಾಲಯವನ್ನು ಕಾಣಬೇಕೆನ್ನುವವನಿಗೆ ಚಹದ ಅಂಗಡಿಯವನಾಗಲಿ, ಕಟ್ಟೆಯ ಮೇಲೆ ಕುಳಿತ ಹಿರಿಯರಾಗಲಿ ದಾರಿ ಹೇಳುತ್ತಾರೆ. ಕೆಲವೊಮ್ಮೆ ಹುಡುಗನೊಬ್ಬನನ್ನು ಓಣಿಯ ತಿರುವಿನವರೆಗೆ ಜೊತೆಗೆ ಕಳಿಸುವುದೂ ಉಂಟು. ಅದಕ್ಕಾಗಿ ಯಾರೂ ಹಣ ಕೇಳುವುದಿಲ್ಲ, ಕೊಡಹೋದರೆ ನೊಂದುಕೊಂಡಾರು.

ಆದರೆ ಒಂದು ದಾರಿ ಮಾತ್ರ ಈಚಿನ ವರ್ಷಗಳಲ್ಲಿ ಪುಕ್ಕಟೆಯಾಗಿ ಸಿಗದಂತಾಗಿದೆ. ಅದು ಪದವಿಪೂರ್ವ ಶಿಕ್ಷಣವನ್ನು ಮುಗಿಸಿದ ಹುಡುಗ ಹುಡುಗಿಯರು ಇಂಜಿನಿಯರಿಂಗ್, ವೈದ್ಯಕೀಯ, ಕೃಷಿ ಮೊದಲಾದ ಕಾಲೇಜುಗಳಿಗೆ ಸೇರುವ ದಾರಿ. ಫಲಿತಾಂಶ ಹೊರಬಿದ್ದ ಮೇಲಿನ ಒಂದೆರಡು ತಿಂಗಳು ಪಾಲಕರ ಫೋನುಗಳಿಗೆ ಬಿಡುವಿರುವುದಿಲ್ಲ. ಕರೆ ಮಾಡುವವರು ಹುಬ್ಬಳ್ಳಿಯವರಿರಬಹುದು, ಬೆಂಗಳೂರಿನವರಿರಬಹುದು. ಮಗಳ ಹೆಸರು, ಅವಳು ಓದಿದ ವಿಷಯ ಎಲ್ಲವೂ ಅವರಿಗೆ ಗೊತ್ತಿರುತ್ತದೆ. ತಮ್ಮನ್ನು ಅವರು ಸಲಹೆಗಾರರೆಂದು ಕರೆದುಕೊಳ್ಳುತ್ತಾರೆ. ಇಂತಿಷ್ಟು ಶುಲ್ಕ ಕೊಟ್ಟರೆ ಅರ್ಜಿಯಿಂದ ಹಿಡಿದು ಕಾಲೇಜಿನ ಬಾಗಿಲಿನವರೆಗೆ ಕೈಹಿಡಿದು ನಡೆಸುವುದಾಗಿ ಭರವಸೆ ಕೊಡುತ್ತಾರೆ. ಇಂಥವರನ್ನು ಕುಟುಂಬಗಳು ಹಣ ಕೊಟ್ಟು ಗೊತ್ತುಮಾಡಿಕೊಳ್ಳಬೇಕೇ ಎಂಬುದು ಇಂದು ಮನೆಮನೆಯ ಪ್ರಶ್ನೆಯಾಗಿದೆ.

ಈ ಪ್ರಶ್ನೆಗೆ ಥಟ್ಟನೆ 'ಬೇಡ' ಎಂದುಬಿಡುವುದು ಸುಲಭ. ಹಾಗೆ ಹೇಳುವವರು ಸಾಮಾನ್ಯವಾಗಿ ಮನೆಯಲ್ಲಿ ನಾಲ್ಕು ಜನ ಓದಿದವರಿರುವ ಭಾಗ್ಯವಂತರು. ಅಣ್ಣ ಇಂಜಿನಿಯರ್, ಅತ್ತೆ ಪ್ರಾಧ್ಯಾಪಕಿ ಆಗಿರುವ ಮನೆಯಲ್ಲಿ ಸಲಹೆ ಊಟದ ಹೊತ್ತಿಗೇ ಬಡಿಸಲ್ಪಡುತ್ತದೆ. ಬೆಟಗೇರಿಯಲ್ಲಿ ಮಗ್ಗದ ಮುಂದೆ ಬೆನ್ನು ಬಗ್ಗಿಸಿ ಕುಳಿತ ನೇಕಾರನ ಮಾತು ಬೇರೆ. ಮುಂಡರಗಿಯ ಎರೆಹೊಲದಲ್ಲಿ ಮಳೆಗಾಗಿ ಮುಗಿಲು ನೋಡುವ ರೈತನ ಮಾತೂ ಬೇರೆ. ಅವರ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತುತ್ತಿರುವ ಮೊದಲ ಜೀವ ಆ ಮಗುವೇ. ಪರದೆಯ ಮೇಲೆ ಮೂಡುವ ಇಂಗ್ಲಿಷ್ ಅಕ್ಷರಗಳು, ಒಂದಾದ ಮೇಲೊಂದು ಬರುವ ಕೊನೆಯ ದಿನಾಂಕಗಳು, ಒಂದು ಗುಂಡಿಯನ್ನು ತಪ್ಪಾಗಿ ಒತ್ತಿದರೆ ಮಗುವಿನ ಒಂದು ವರ್ಷವೇ ಹೋದೀತೆಂಬ ಭಯ ಇವೆಲ್ಲ ಸೇರಿ, "ಸಾಹೇಬರ, ನಮಗ ಇದೆಲ್ಲಾ ತಿಳಿಯೂದಿಲ್ರಿ, ನೀವ ಮಾಡಿ ಕೊಡ್ರಿ" ಎನ್ನಿಸಿಬಿಡುತ್ತವೆ. ಈ ಮಾತನ್ನು ಅಜ್ಞಾನವೆಂದು ಹಳಿಯುವುದು ಸಲ್ಲದು. ಅದು ಮಗುವಿನ ಮೇಲಿನ ಅಕ್ಕರೆಯ ಮಾತು. ಸಲಹೆಯ ವ್ಯಾಪಾರ ನಿಂತಿರುವುದೂ ಆ ಅಕ್ಕರೆಯ ಮೇಲೆಯೇ.

ಹಿಂದೆ ಈ ಭಯವಿರಲಿಲ್ಲವೇ ಎಂದರೆ, ಇತ್ತು. ಅದರ ರೂಪ ಬೇರೆ ಇತ್ತು. 1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯುವವರೆಗೆ ಈ ಭಾಗದ ಹುಡುಗರು ಪದವಿಗಾಗಿ ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ಆಮೇಲೂ ಬಹುಕಾಲ ಕಾಲೇಜೆಂದರೆ ಧಾರವಾಡ, ಇಲ್ಲವೇ ಬೆಳಗಾವಿ. ಆಯ್ಕೆಗೆ ಇದ್ದುದೇ ಎರಡು ಮೂರು. ತಲೆ ಕೆಡಿಸಿಕೊಳ್ಳುವುದಕ್ಕೆ ಏನೂ ಇರಲಿಲ್ಲ. ತೊಡಕಿದ್ದುದು ಊಟ ವಸತಿಗಳದ್ದು. ಊರಿನಿಂದ ಮೊದಲು ಹೋದ ಹುಡುಗ ರಜೆಯಲ್ಲಿ ಬಂದಾಗ, ಯಾವ ಮಠದಲ್ಲಿ ಪ್ರಸಾದ ನಿಲಯವಿದೆ, ಯಾರ ಮನೆಯಲ್ಲಿ ವಾರಾನ್ನ ಸಿಗುತ್ತದೆ, ಯಾವ ಗುಮಾಸ್ತರನ್ನು ಕಂಡರೆ ಅರ್ಜಿ ಸಿಗುತ್ತದೆ ಎಂಬುದನ್ನು ಹಿಂದಿನವನಿಗೆ ಹೇಳುತ್ತಿದ್ದ. ಆ ಹಿಂದಿನವನು ತನ್ನ ಹಿಂದಿನವನಿಗೆ ಹೇಳುತ್ತಿದ್ದ. ಹೀಗೆ ಒಬ್ಬನ ಹೆಜ್ಜೆಯಲ್ಲಿ ಒಬ್ಬನು ಕಾಲಿಟ್ಟು ಒಂದು ತಲೆಮಾರು ದಾಟಿತು.

1994ರಲ್ಲಿ ಕರ್ನಾಟಕದಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ಸಿಇಟಿ, ಆರಂಭವಾಯಿತು. ಅದು ಬಡವರ ಮಕ್ಕಳಿಗೆ ದೊಡ್ಡ ಉಪಕಾರವನ್ನೇ ಮಾಡಿತು. ಕಾಲೇಜಿನ ಆಡಳಿತದವರ ಮನೆಯ ಹೊಸ್ತಿಲಲ್ಲಿ ಕಾಯಬೇಕಾಗಿದ್ದ ಮಗು ತನ್ನ ಅಂಕದ ಬಲದಿಂದ ಸೀಟು ಕೇಳುವಂತಾಯಿತು. ಆದರೆ ಆ ಮೊದಲ ವರ್ಷಗಳಲ್ಲಿ ಸೀಟು ಆರಿಸಿಕೊಳ್ಳಲು ಬೆಂಗಳೂರಿಗೇ ಹೋಗಬೇಕಾಗಿತ್ತು. ಗದಗಿನಿಂದ ರಾತ್ರಿಯ ಗಾಡಿ ಹತ್ತಿ, ಕಾಗದಪತ್ರಗಳ ಚೀಲವನ್ನು ತಲೆದಿಂಬಿನಂತೆ ಇಟ್ಟುಕೊಂಡು, ತಂದೆ ಮಕ್ಕಳು ಮುಂಜಾನೆ ಆ ಮಹಾನಗರದಲ್ಲಿ ಇಳಿಯುತ್ತಿದ್ದರು. ಈಗ ಆ ಪ್ರಯಾಣ ತಪ್ಪಿದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಜಾಲತಾಣದಲ್ಲಿ ಊರಲ್ಲೇ ಕುಳಿತು ಆಯ್ಕೆಗಳನ್ನು ದಾಖಲಿಸಬಹುದು. ಪ್ರಯಾಣ ತಪ್ಪಿದರೂ ಭಯ ತಪ್ಪಲಿಲ್ಲ. ಮೊದಲು ಬೆಂಗಳೂರು ದೂರವಿತ್ತು. ಈಗ ಅಂಗೈಯಲ್ಲಿರುವ ಪರದೆಯೇ ದೂರವಾಗಿದೆ.

ಹಣ ಪಡೆದ ಸಲಹೆಗಾರನು ಈ ಪರದೆಯ ಮುಂದೆ ಕುಳಿತು ಮಾಡುವುದೇನೆಂಬುದನ್ನು ತಿಳಿಯಬೇಕಾದರೆ ಸೀಟು ಹಂಚಿಕೆಯ ಕ್ರಮವನ್ನು ಸ್ವಲ್ಪ ನೋಡಬೇಕು. ಇಂಜಿನಿಯರಿಂಗ್ ಪ್ರವೇಶಕ್ಕೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳ ಅಂಕಗಳಿಗೆ ಅರ್ಧ ತೂಕ, ಸಿಇಟಿಯಲ್ಲಿ ಪಡೆದ ಅಂಕಗಳಿಗೆ ಅರ್ಧ ತೂಕ ಕೊಟ್ಟು ರ‍್ಯಾಂಕು ನಿಶ್ಚಯಿಸುತ್ತಾರೆ. ಬಳಿಕ ವಿದ್ಯಾರ್ಥಿಯು ತನಗೆ ಬೇಕಾದ ಕಾಲೇಜು ಮತ್ತು ವಿಷಯಗಳನ್ನು ಒಂದರ ಕೆಳಗೊಂದರಂತೆ ಪಟ್ಟಿಮಾಡಬೇಕು. ರ‍್ಯಾಂಕಿನ ಸರದಿಯಂತೆ ಗಣಕಯಂತ್ರವು ಒಬ್ಬೊಬ್ಬರ ಪಟ್ಟಿಯನ್ನೂ ಮೇಲಿನಿಂದ ನೋಡುತ್ತಾ ಬರುತ್ತದೆ. ಆ ಹೊತ್ತಿಗೆ ಉಳಿದಿರುವ ಸೀಟುಗಳಲ್ಲಿ ಪಟ್ಟಿಯ ಅತ್ಯಂತ ಮೇಲಿರುವುದನ್ನು ಆ ವಿದ್ಯಾರ್ಥಿಗೆ ಕೊಡುತ್ತದೆ. ವ್ಯವಸ್ಥೆಯ ತಿರುಳು ಇಷ್ಟೇ.

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. 'ದೊಡ್ಡ ಕಾಲೇಜನ್ನು ಮೊದಲು ಬರೆದರೆ ಅದೂ ಸಿಗದೆ ಸಣ್ಣದೂ ಕೈಬಿಟ್ಟೀತು' ಎಂದು ಎಷ್ಟೋ ಪಾಲಕರು ಅಂಜುತ್ತಾರೆ. ಅಂಜಬೇಕಾಗಿಲ್ಲ. ಮೇಲಿನದು ಸಿಗದಿದ್ದರೆ ಯಂತ್ರವು ಕೆಳಗಿನದಕ್ಕೆ ಬರುತ್ತದೆ. ಮೇಲಿನದನ್ನು ಕೇಳಿದ ತಪ್ಪಿಗೆ ದಂಡ ಹಾಕುವುದಿಲ್ಲ. ಅಂಜಬೇಕಾದುದು ಇದರ ತಿರುಗುಮುರುಗಿಗೆ. ನಿಜವಾಗಿ ಬೇಕಾದುದನ್ನು ಕೆಳಗೂ, ಸಾಕೆನಿಸುವುದನ್ನು ಮೇಲೂ ಬರೆದರೆ ಸಾಕೆನಿಸುವುದೇ ಗಂಟುಬೀಳುತ್ತದೆ. ಸೇರುವ ಮನಸ್ಸೇ ಇಲ್ಲದ ಕಾಲೇಜನ್ನು ಪಟ್ಟಿ ಉದ್ದವಾಗಲೆಂದು ಸೇರಿಸುವುದೂ ಅಪಾಯವೇ. ನಿಜವಾದ ಹಂಚಿಕೆಗೆ ಮುಂಚೆ ಒಂದು ಅಣಕು ಹಂಚಿಕೆ ನಡೆಯುತ್ತದೆ. ಅದನ್ನು ನೋಡಿ ಪಟ್ಟಿಯನ್ನು ತಿದ್ದಿಕೊಳ್ಳಲು ಅವಕಾಶವುಂಟು. ಮೊದಲ ಸುತ್ತಿನಲ್ಲಿ ಸೀಟು ಸಿಕ್ಕ ಮೇಲೆ ವಿದ್ಯಾರ್ಥಿಯ ಮುಂದೆ ನಾಲ್ಕು ದಾರಿಗಳಿರುತ್ತವೆ: ಒಪ್ಪಿ ಸೇರಿಬಿಡುವುದು, ಒಪ್ಪಿಕೊಂಡು ಇನ್ನೂ ಮೇಲಿನದಕ್ಕೆ ಕಾಯುವುದು, ಒಪ್ಪದೆ ಮುಂದಿನ ಸುತ್ತಿಗೆ ಹೋಗುವುದು, ಪೂರ್ತಿಯಾಗಿ ಹೊರಬರುವುದು. ಹಿಂದಿನ ವರ್ಷಗಳಲ್ಲಿ ಯಾವ ಕಾಲೇಜಿನ ಯಾವ ವಿಷಯ ಎಷ್ಟನೆಯ ರ‍್ಯಾಂಕಿಗೆ ಮುಗಿಯಿತೆಂಬ ಪಟ್ಟಿಯನ್ನು ಪ್ರಾಧಿಕಾರವೇ ಪ್ರಕಟಿಸುತ್ತದೆ. ಅದಕ್ಕೆ ಶುಲ್ಕವಿಲ್ಲ.

ಸಲಹೆಗಾರನು ಗುಟ್ಟೆಂದು ಮಾರುವ ವಿದ್ಯೆಯ ಬಹುಭಾಗ ಮೇಲಿನ ಕೆಲವು ವಾಕ್ಯಗಳಲ್ಲಿ ಅಡಗಿದೆ. ಒಂಬತ್ತನೆಯ ತರಗತಿಯ ವಿದ್ಯಾರ್ಥಿ ಅವನ್ನು ಎರಡು ಸಲ ಓದಿದರೆ ತನ್ನ ಅಕ್ಕನಿಗೆ ವಿವರಿಸಿ ಹೇಳಬಲ್ಲನು. ರ‍್ಯಾಂಕನ್ನು ಮೇಲಕ್ಕೆತ್ತುವ ಶಕ್ತಿ ಯಾವ ಸಲಹೆಗಾರನಿಗೂ ಇಲ್ಲ. ತನಗೆ ಆ ಶಕ್ತಿ ಇದೆ ಎಂದು ಹೇಳುವವನು ಸಲಹೆಗಾರನೇ ಅಲ್ಲ.

ಹಾಗಾದರೆ ಈ ವೃತ್ತಿ ಹುಟ್ಟಿದ್ದಾದರೂ ಹೇಗೆ? ಅಮೆರಿಕದಂಥ ದೇಶಗಳಲ್ಲಿ ಇದು ಬಹುದಿನಗಳಿಂದ ಬೇರೂರಿದೆ. ಅಲ್ಲಿಯ ಹೆಸರಾಂತ ವಿಶ್ವವಿದ್ಯಾಲಯಗಳು ಅಂಕವೊಂದನ್ನೇ ನೋಡುವುದಿಲ್ಲ. ವಿದ್ಯಾರ್ಥಿ ಬರೆದ ಪ್ರಬಂಧ, ಆಡಿದ ಆಟ, ಮಾಡಿದ ಸೇವೆ, ಶಿಕ್ಷಕರ ಶಿಫಾರಸು ಎಲ್ಲವನ್ನೂ ತೂಗಿನೋಡಿ ತಮ್ಮ ವಿವೇಚನೆಯಂತೆ ಆರಿಸುತ್ತವೆ. ವಿವೇಚನೆ ಇರುವಲ್ಲಿ ಮಾರ್ಗದರ್ಶನಕ್ಕೆ ಬೆಲೆ ಬರುವುದು ಸಹಜ. ಅಲ್ಲಿಯ ಶಾಲೆಗಳಲ್ಲೇ ಸಲಹೆಗಾರರಿರುತ್ತಾರೆ. 250 ವಿದ್ಯಾರ್ಥಿಗಳಿಗೆ ಒಬ್ಬರಿರಬೇಕೆಂದು ಅವರ ರಾಷ್ಟ್ರೀಯ ಸಂಘ ಹೇಳುತ್ತದೆ. ಅಷ್ಟು ಮಕ್ಕಳನ್ನು ಒಬ್ಬರೇ ನೋಡಿಕೊಳ್ಳುವುದೆಂತು ಎಂದು ಅನುಕೂಲಸ್ಥರು ಖಾಸಗಿಯವರ ಬಳಿಗೆ ಹೋಗುತ್ತಾರೆ. ಈ ಹಾದಿ ಎಲ್ಲಿಗೆ ಮುಟ್ಟಬಲ್ಲದೆಂಬುದು 2019ರಲ್ಲಿ ಬಯಲಾಯಿತು. ಕ್ಯಾಲಿಫೋರ್ನಿಯಾದ ವಿಲಿಯಂ ರಿಕ್ ಸಿಂಗರ್ ಎಂಬ ಪ್ರವೇಶ ಸಲಹೆಗಾರನು ಸಿರಿವಂತ ಪಾಲಕರಿಂದ ಹಣ ಪಡೆದು, ಅವರ ಮಕ್ಕಳ ಪರೀಕ್ಷೆಯ ಉತ್ತರಗಳನ್ನು ತಿದ್ದಿಸಿದ್ದನು. ಆಡದ ಆಟದಲ್ಲಿ ಅವರನ್ನು ಕ್ರೀಡಾಪಟುಗಳೆಂದು ತೋರಿಸಿದ್ದನು. ತಪ್ಪೊಪ್ಪಿಕೊಂಡ ಅವನಿಗೆ 2023ರಲ್ಲಿ ಮೂರೂವರೆ ವರ್ಷಗಳ ಸೆರೆವಾಸವಾಯಿತು. ಸಲಹೆಗಾರರೆಲ್ಲ ಅಂಥವರೆಂದು ಇದರ ಅರ್ಥವಲ್ಲ. ಆದರೆ ವಿವೇಚನೆಯ ಪದ್ಧತಿಗಾಗಿ ಹುಟ್ಟಿದ ಒಂದು ವೃತ್ತಿಯನ್ನು ರ‍್ಯಾಂಕಿನ ಪದ್ಧತಿ ಇರುವ ನಾಡಿಗೆ ತಂದು ನೆಟ್ಟರೆ ಅದು ಮಾರುವುದಾದರೂ ಏನನ್ನು? ಬಹುಮಟ್ಟಿಗೆ ಧೈರ್ಯವನ್ನು.

ಇಲ್ಲಿ ಒಂದು ವಿನಾಯಿತಿಯನ್ನು ಒಪ್ಪಬೇಕು. ವೈದ್ಯಕೀಯ ಪ್ರವೇಶದ ದಾರಿ ನಿಜವಾಗಿಯೂ ಸುತ್ತುಬಳಸಿನದು. ನೀಟ್ ಪರೀಕ್ಷೆ ಒಂದೇ ಆದರೂ ಹಂಚಿಕೆಯ ಬಾಗಿಲುಗಳು ಹಲವು. ಗದಗಿನಲ್ಲಿ 2015ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಅಂಥ ಕಾಲೇಜಿನ ನೂರರಲ್ಲಿ 15 ಸೀಟುಗಳು ಅಖಿಲ ಭಾರತ ಹಂಚಿಕೆಗೆ ಸೇರಿದರೆ ಉಳಿದವು ರಾಜ್ಯದ ಹಂಚಿಕೆಗೆ ಸೇರುತ್ತವೆ. ಎರಡಕ್ಕೂ ಬೇರೆ ಬೇರೆ ನೋಂದಣಿ, ಬೇರೆ ಬೇರೆ ದಿನಾಂಕ. ಡೀಮ್ಡ್ ವಿಶ್ವವಿದ್ಯಾಲಯಗಳದು, ಹೊರರಾಜ್ಯಗಳದು ಇನ್ನೂ ಬೇರೆ. ಇವನ್ನೆಲ್ಲ ಬಲ್ಲ ಪ್ರಾಮಾಣಿಕನೊಬ್ಬನು ತನ್ನ ಸಮಯಕ್ಕೆ ತಕ್ಕ ಪ್ರತಿಫಲ ಕೇಳಿದರೆ ಅದರಲ್ಲಿ ಅಧರ್ಮವೇನೂ ಇಲ್ಲ. ವಕೀಲನಿಗೆ ಕೊಡುವುದಿಲ್ಲವೇ? ಕರಾರುಪತ್ರ ಬರೆಯುವವನಿಗೆ ಕೊಡುವುದಿಲ್ಲವೇ? ಅರ್ಜಿ ತುಂಬಿಕೊಡುವ ಅಂಗಡಿಯವನಿಗೆ ನೂರೋ ಇನ್ನೂರೋ ಕೊಡುವುದನ್ನು ಯಾರೂ ಆಕ್ಷೇಪಿಸಲಾರರು.

ಆಕ್ಷೇಪ ಇರುವುದು ಬೇರೊಂದು ಕಡೆ. ಗದಗ ಹತ್ತಿ, ಶೇಂಗಾ, ಮೆಣಸಿನಕಾಯಿಗಳ ವ್ಯಾಪಾರಕ್ಕೆ ಹೆಸರಾದ ಊರು. ದಲಾಲರೆಂದರೆ ಯಾರೆಂದು ಇಲ್ಲಿಯವರಿಗೆ ಹೇಳಿಕೊಡಬೇಕಾಗಿಲ್ಲ. ದನದ ಸಂತೆಯಲ್ಲಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವ ದಲಾಲನು ಕೊಳ್ಳುವವನಿಂದಲೂ ಮಾರುವವನಿಂದಲೂ ಪಡೆಯುತ್ತಾನೆಂಬುದು ಎತ್ತು ಕೊಂಡವರೆಲ್ಲರಿಗೂ ತಿಳಿದ ಸಂಗತಿ. ಅವನು ಎರಡು ಕಡೆಯವನೆಂದು ಗೊತ್ತಿರುವುದರಿಂದಲೇ ರೈತನು ಎತ್ತಿನ ಹಲ್ಲನ್ನು ತಾನೇ ಎಣಿಸಿ ನೋಡುತ್ತಾನೆ. ಕಾಲೇಜು ಸೀಟಿನ ಸಲಹೆಗಾರರಲ್ಲಿಯೂ ಕೆಲವರು ಹೀಗೆ ಎರಡು ಕಡೆಯವರು. ಸೀಟು ತುಂಬದ ಕಾಲೇಜುಗಳಿಂದ ವಿದ್ಯಾರ್ಥಿಗೆ ಇಷ್ಟೆಂದು ಅವರಿಗೆ ಸಲ್ಲುತ್ತದೆ. ಆಗ ಅವರು ಹೇಳುವ 'ಒಳ್ಳೆಯ ಕಾಲೇಜು' ಯಾರಿಗೆ ಒಳ್ಳೆಯದು? ಅವರ ಪಟ್ಟಿಯಲ್ಲಿ ಕಡಿಮೆ ಶುಲ್ಕದ ಸರಕಾರಿ ಕಾಲೇಜಿನ ಹೆಸರು ಕೆಳಗಿಳಿದು, ದೂರದ ಊರಿನ ಆಡಳಿತ ಮಂಡಳಿಯ ಸೀಟು ಮೇಲೇರಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಆದರೆ ಎತ್ತಿನ ದಲಾಲನ ಮುಂದೆ ಹಲ್ಲು ಎಣಿಸುವ ರೈತ, ಸೀಟಿನ ದಲಾಲನ ಮುಂದೆ ಕಣ್ಣು ಮುಚ್ಚಿ ನಿಲ್ಲುತ್ತಾನೆ. ಕಷ್ಟವಿರುವುದು ಇಲ್ಲಿ.

ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಮಗುವಿನ ಗುಪ್ತಪದವನ್ನೇ ಅವರ ಕೈಗೆ ಕೊಟ್ಟುಬಿಡುತ್ತಾರೆ. ಇದು ಮನೆಯ ಕೀಲಿಕೈಯನ್ನು ಕೊಟ್ಟಂತೆ. ಸಿಇಟಿಯ ಮೂಲಕ ಬೇಡಿಕೆಯ ಇಂಜಿನಿಯರಿಂಗ್ ಸೀಟುಗಳನ್ನು ಸೇರುವ ಇಚ್ಛೆಯಿಲ್ಲದ ವಿದ್ಯಾರ್ಥಿಗಳ ಹೆಸರಿನಲ್ಲಿ ಹಿಡಿದಿಟ್ಟು, ಕೊನೆಗೆ ಖಾಲಿ ಬಿಡಿಸುತ್ತಿದ್ದರೆಂಬ ಆರೋಪದ ಮೇಲೆ 2024ರ ಕೊನೆಯಲ್ಲಿ ಬೆಂಗಳೂರು ಪೊಲೀಸರು ಹಲವರನ್ನು ಬಂಧಿಸಿದರು. ಅನ್ಯರ ಕೈಗೆ ಸಿಕ್ಕ ಗುಪ್ತಪದಗಳೇ ಆ ಪ್ರಕರಣದ ಬೇರು. ಹಾಗೆ ಖಾಲಿಯಾದ ಒಂದೊಂದು ಸೀಟೂ ಎಲ್ಲೋ ಒಂದು ಊರಿನ, ರ‍್ಯಾಂಕಿನಲ್ಲಿ ತುಸು ಹಿಂದಿದ್ದ ಒಬ್ಬ ಹುಡುಗನಿಗೆ ಸಿಗಬೇಕಾಗಿದ್ದ ಸೀಟು.

ಇಷ್ಟಾಗಿಯೂ, ಹಣ ಕೊಟ್ಟು ಪಡೆಯುವ ಸಲಹೆಯ ದೊಡ್ಡ ಕೊರತೆ ಮೋಸವಲ್ಲ, ವಿಳಂಬ. ಸಲಹೆಗಾರನು ಬರುವುದು ಪಿಯುಸಿ ಮುಗಿದ ಮೇಲೆ. ಆದರೆ ದಾರಿ ಕವಲೊಡೆಯುವುದು ಅದಕ್ಕೂ ಬಹಳ ಮೊದಲು. ಸಿಇಟಿಯ ಸೀಟುಗಳಲ್ಲಿ ನೂರಕ್ಕೆ 15ರಷ್ಟು ಗ್ರಾಮೀಣ ವಿದ್ಯಾರ್ಥಿಗಳಿಗೆ ಮೀಸಲಾಗಿವೆ. ನೂರಕ್ಕೆ 5ರಷ್ಟು ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೀಸಲು. ಎರಡಕ್ಕೂ ಒಂದನೆಯ ತರಗತಿಯಿಂದ ಹತ್ತನೆಯ ತರಗತಿಯವರೆಗೆ ಹತ್ತು ಪೂರ್ಣ ವರ್ಷ ಹಾಗೆ ಓದಿರಬೇಕು. ಇತರ ನಿಬಂಧನೆಗಳೂ ಇವೆ. ಆದರೆ ಈ ಹತ್ತು ವರ್ಷಗಳ ನಿಬಂಧನೆ ಮುಖ್ಯವಾದುದು. ಪುರಸಭೆ, ಪಟ್ಟಣ ಪಂಚಾಯಿತಿಗಳ ಎಲ್ಲೆಯೊಳಗಿನ ಶಾಲೆ ಗ್ರಾಮೀಣ ಶಾಲೆ ಎನಿಸುವುದಿಲ್ಲ. ಈಗ ಲಕ್ಷ್ಮೇಶ್ವರದ ಸುತ್ತಲಿನ ಒಂದು ಹಳ್ಳಿಯಲ್ಲಿ ಏಳನೆಯ ತರಗತಿಯವರೆಗೆ ಓದಿದ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಬೇಕು. ಪಕ್ಕದ ಊರಿನಲ್ಲಿ ಒಂದು ಗ್ರಾಮೀಣ ಪ್ರೌಢಶಾಲೆ ಇದೆ; ಲಕ್ಷ್ಮೇಶ್ವರ ಪಟ್ಟಣದಲ್ಲಿ ಇನ್ನೊಂದು ಇದೆ. ಬಸ್ಸಿನ ಅನುಕೂಲ ನೋಡಿ ತಂದೆ ಅವಳನ್ನು ಪಟ್ಟಣದ ಶಾಲೆಗೆ ಸೇರಿಸುತ್ತಾನೆ. ಆ ದಿನವೇ ಅವಳ ಗ್ರಾಮೀಣ ಮೀಸಲಾತಿ ತಪ್ಪಿತು. ಐದು ವರ್ಷಗಳ ಮೇಲೆ ಸಾವಿರಾರು ರೂಪಾಯಿ ಪಡೆಯುವ ಸಲಹೆಗಾರನು ಅದನ್ನು ಮರಳಿ ತರಲಾರನು. ಪಟ್ಟಣದ ಶಾಲೆಗೆ ಸೇರಿಸಿದ್ದು ತಪ್ಪೆಂದೇನೂ ಅಲ್ಲ. ಅಲ್ಲಿ ಪಾಠ ಚೆನ್ನಾಗಿ ನಡೆಯುತ್ತಿರಬಹುದು, ಆ ಲಾಭ ಮೀಸಲಾತಿಗಿಂತ ಹೆಚ್ಚಿನದೂ ಆಗಬಹುದು. ಆದರೆ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತಿದ್ದೇನೆಂಬುದು ಆ ತಂದೆಗೆ ಅಂದು ಗೊತ್ತಿರಬೇಕಾಗಿತ್ತು. ಅದನ್ನು ಹೇಳಲು ಅಂದು ಯಾವ ಫೋನೂ ಮೊಳಗಲಿಲ್ಲ.

ಮುಂಡರಗಿಯ ಗಡಿಯ ಆಚೆಗಿರುವ ಕೊಪ್ಪಳ ಜಿಲ್ಲೆ, ತುಂಗಭದ್ರೆಯ ಆಚೆಗಿರುವ ಹೂವಿನಹಡಗಲಿ ತಾಲ್ಲೂಕು ಇವೆರಡೂ ಕಲ್ಯಾಣ ಕರ್ನಾಟಕಕ್ಕೆ ಸೇರಿದ್ದು, ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಅಲ್ಲಿಯವರಿಗುಂಟು. ಗದಗ ಜಿಲ್ಲೆಯವರಿಗೆ ಅದಿಲ್ಲ. ಗಡಿಯಾಚೆಯ ಸೋದರತ್ತೆಯ ಮಗನಿಗೆ ಸಿಕ್ಕ ಸೀಟನ್ನು ನೋಡಿ, ಅದೇ ರ‍್ಯಾಂಕಿಗೆ ತನಗೇಕೆ ಸಿಗಲಿಲ್ಲವೆಂದು ಮುಂಡರಗಿಯ ಹುಡುಗ ಕೊರಗುವುದುಂಟು. ಯಾರೋ ಹಣ ಕೊಟ್ಟಿರಬೇಕೆಂದು ಸಂಶಯಪಡುವುದೂ ಉಂಟು. ತಿಳಿವಳಿಕೆ ಇಲ್ಲದ ಕಡೆ ಸಂಶಯ ಬೆಳೆಯುತ್ತದೆ. ಸಂಶಯವಿದ್ದಲ್ಲಿ ದಲಾಲನಿಗೆ ಸುಗ್ಗಿ. ಕೃಷಿ ಕೋರ್ಸುಗಳಲ್ಲಿ ರೈತರ ಮಕ್ಕಳಿಗಾಗಿ ಪ್ರತ್ಯೇಕ ಸೀಟುಗಳಿವೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆಯಿದೆ ಎಂಬುದೂ ಹೊಲದಲ್ಲಿ ಬೆಳೆದ ಎಷ್ಟೋ ಮಕ್ಕಳ ಕಿವಿಗೆ ತಡವಾಗಿ ಬೀಳುತ್ತದೆ.

ಗದಗಿಗೆ ಸಮೀಪದಲ್ಲಿ ಕಣಗಿನಹಾಳ ಎಂಬ ಹಳ್ಳಿಯಿದೆ. ನೂರಿಪ್ಪತ್ತು ವರ್ಷಗಳ ಹಿಂದೆ ಅಲ್ಲಿಯ ರೈತನಿಗೆ ಬೀಜಕ್ಕೆ ಹಣ ಬೇಕಾದರೆ ಸಾಹುಕಾರನ ಬಾಗಿಲೊಂದೇ ಗತಿಯಾಗಿತ್ತು. ಸಾಹುಕಾರನಿಗೆ ಲೆಕ್ಕ ಗೊತ್ತು, ರೈತನಿಗೆ ಗೊತ್ತಿಲ್ಲ. ಬಡ್ಡಿ ಬೆಳೆಯುತ್ತಿದ್ದುದು ಆ ಅಂತರದಲ್ಲಿ. 1904ರಲ್ಲಿ ಸಹಕಾರ ಸಂಘಗಳ ಕಾನೂನು ಬಂದ ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಆ ಹಳ್ಳಿಯವರು ಒಂದು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಭಾರತದ ಮೊದಲ ಕೃಷಿ ಪತ್ತಿನ ಸಂಘವೆಂದು ಅದು ಹೆಸರಾಗಿದೆ. ಅವರು ಸಾಹುಕಾರನೊಡನೆ ಜಗಳವಾಡಲಿಲ್ಲ. ಅವನನ್ನು ಬೈಯುತ್ತ ಕೂಡಲಿಲ್ಲ. ತಮ್ಮ ತಮ್ಮಲ್ಲಿದ್ದ ಅಷ್ಟಿಷ್ಟನ್ನು ಒಂದೆಡೆ ಸೇರಿಸಿದರು. ಒಬ್ಬೊಬ್ಬರಲ್ಲಿ ಇದ್ದಾಗ ಏನೂ ಅಲ್ಲದ್ದು ಕೂಡಿಸಿದಾಗ ಬಂಡವಾಳವಾಯಿತು.

ಪ್ರವೇಶದ ತಿಳಿವಳಿಕೆಯೂ ಹಾಗೆಯೇ ಅಷ್ಟಿಷ್ಟಾಗಿ ಹರಡಿಕೊಂಡಿದೆ. ಶಿರಹಟ್ಟಿಯ ಒಬ್ಬ ಹುಡುಗಿ ಹೋದ ವರ್ಷ ಆಯ್ಕೆ ಪಟ್ಟಿ ತುಂಬಿದ್ದಾಳೆ. ಯಾವ ತಪ್ಪು ಮಾಡಿದೆನೆಂಬುದು ಅವಳಿಗೆ ಬಾಯಿಪಾಠವಾಗಿದೆ. ಬೆಟಗೇರಿಯ ಒಬ್ಬ ತಂದೆ ಆದಾಯ ಪ್ರಮಾಣಪತ್ರಕ್ಕಾಗಿ ಎಷ್ಟು ದಿನ ಮುಂಚೆ ಅರ್ಜಿ ಕೊಡಬೇಕೆಂಬುದನ್ನು ಅಲೆದಾಡಿ ಕಲಿತಿದ್ದಾನೆ. ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಬೇಕೆಂಬುದು ಮುಖ್ಯೋಪಾಧ್ಯಾಯರಿಗೆ ಗೊತ್ತಿದೆ. ಪಿಯು ಕಾಲೇಜಿನ ಉಪನ್ಯಾಸಕರಿಗೆ ಹಿಂದಿನ ವರ್ಷದ ರ‍್ಯಾಂಕುಗಳನ್ನು ಓದಲು ಬರುತ್ತದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಹಲವೆಡೆ ಅಲ್ಲಿ ಗಣಕಯಂತ್ರವೂ ಇದೆ. ಜೂನ್ ಜುಲೈಗಳ ನಾಲ್ಕು ಆದಿತ್ಯವಾರ ಇವರೆಲ್ಲ ಒಂದು ಮೇಜಿನ ಸುತ್ತ ಕೂಡಿದರೆ ತಾಲ್ಲೂಕಿನ ಮಕ್ಕಳಿಗೆ ಬೇಕಾದ ಸಲಹೆಯ ಮುಕ್ಕಾಲು ಪಾಲು ಅಲ್ಲಿಯೇ ಹುಟ್ಟುತ್ತದೆ. ಉಳಿದ ಕಾಲುಪಾಲಿಗೆ, ಅಂದರೆ ವೈದ್ಯಕೀಯದಂಥ ತೊಡಕಿನ ದಾರಿಗೆ, ತಿಳಿದವರೊಬ್ಬರನ್ನು ಎಲ್ಲರೂ ಕೂಡಿ ಒಂದು ದಿನ ಕರೆಸಿ, ಅವರ ಖರ್ಚನ್ನು ಹಂಚಿಕೊಂಡರಾಯಿತು.

ಉಪನ್ಯಾಸಕರಿಗೆ ಪುರಸೊತ್ತೆಲ್ಲಿದೆ ಎಂದು ಕೇಳುವವರಿದ್ದಾರೆ. ಮೌಲ್ಯಮಾಪನ, ದಾಖಲಾತಿ, ಜನಗಣತಿಯಂಥ ಹೊರಗಿನ ಕೆಲಸಗಳು ಅವರನ್ನು ಹಣ್ಣುಮಾಡುತ್ತವೆ ಎಂಬುದು ನಿಜ. ಆ ಭಾರವನ್ನು ಸರಕಾರವೇ ಇಳಿಸಬೇಕು. ಪಿಯು ಕಾಲೇಜುಗಳಲ್ಲಿ ಇದಕ್ಕೆಂದೇ ಒಬ್ಬರನ್ನು ನೇಮಿಸುವುದು ಸರಕಾರಕ್ಕೆ ಆಗದ ಮಾತೇನಲ್ಲ. ಪುಕ್ಕಟೆಯ ಸಲಹೆಗೆ ಹೊಣೆಗಾರಿಕೆ ಇರುವುದಿಲ್ಲವೆಂದೂ ಕೆಲವರು ವಾದಿಸುತ್ತಾರೆ. ಹಣ ಪಡೆದವನಿಗೆ ಹೊಣೆಗಾರಿಕೆ ಇರುತ್ತದೆಯೇ? ಸೀಟು ತಪ್ಪಿದ ಮೇಲೆ ಅವನ ಫೋನು ಹತ್ತುವುದು ಅಪರೂಪ. ಓಣಿಯ ಉಪನ್ಯಾಸಕರಾದರೋ ಮರುದಿನ ಸಂತೆಯಲ್ಲಿ ಎದುರಾಗಲೇಬೇಕು.

ಒಂಬತ್ತನೆಯ ತರಗತಿಯಲ್ಲಿ ಕುಳಿತವರಿಗೆ ಇದೆಲ್ಲ ದೂರದ ಮಾತೆನಿಸಬಹುದು. ಹತ್ತಿರದ ಮಾತೊಂದಿದೆ. ಮುಂದಿನ ವರ್ಷ ಹತ್ತನೆಯ ತರಗತಿಯ ಪರೀಕ್ಷೆಗೆ ನೋಂದಾಯಿಸುವಾಗ ಶಾಲೆಯವರು ಪ್ರತಿಯೊಬ್ಬರ ಹೆಸರು, ತಂದೆತಾಯಿಯರ ಹೆಸರು, ಹುಟ್ಟಿದ ದಿನಾಂಕಗಳನ್ನು ತೋರಿಸಿ, ಸರಿಯಿದೆಯೇ ಎಂದು ಕೇಳುತ್ತಾರೆ. ಮುಂದೆ ಎಲ್ಲ ಅರ್ಜಿಗಳೂ ಆ ಅಂಕಪಟ್ಟಿಯ ಹೆಸರನ್ನೇ ಹಿಡಿದು ನಡೆಯುತ್ತವೆ. ಜಾತಿ ಮತ್ತು ಆದಾಯದ ಪ್ರಮಾಣಪತ್ರದಲ್ಲಿ ಒಂದು, ಆಧಾರ್ ಚೀಟಿಯಲ್ಲಿ ಇನ್ನೊಂದು, ಅಂಕಪಟ್ಟಿಯಲ್ಲಿ ಮತ್ತೊಂದು ಕಾಗುಣಿತವಿದ್ದರೆ ತಿದ್ದಿಸಲು ತಂದೆ ಕೂಲಿ ಬಿಟ್ಟು ತಹಶೀಲ್ದಾರರ ಕಚೇರಿಗೆ ತಿರುಗಬೇಕಾಗುತ್ತದೆ. ಅನೇಕ ಮಕ್ಕಳು ಆ ಹಾಳೆಯನ್ನು ನೋಡದೆಯೇ, ಆಟದ ಗಂಟೆ ಹೊಡೆಯಿತೆಂಬ ಅವಸರದಲ್ಲಿ, "ಸರಿ ಐತ್ರಿ ಸರ್" ಎಂದು ಹೇಳಿ ಓಡಿಬಿಡುತ್ತಾರೆ.